ತುಂಗಾ ಖಾಲಿ ಇದೆಯಾ ಅಕ್ಕ?

ನಾನು ಕೆಲಸ ಮಾಡುವ ಜಾಗದಲ್ಲಿ ದಿನಕ್ಕೆ ಇಪ್ಪತ್ತು ಸಲವಾದರೂ ಕಿವಿಗೆ ಬೀಳುತ್ತಿದ್ದ ಪ್ರಶ್ನೆ ಇದು. ಜಾಗ ಇರುವುದು ಜಯನಗರದಲ್ಲಿ, ಆರ್.ವಿ. ರೋಡ್ ಮೆಟ್ರೋ ಸ್ಟೇಷನ್ನಿಂದ ನಡೆದೇ ಬರುವಷ್ಟು ದೂರ. ಹಳೇ ಕಾಲದ ಎರಡು ಮಹಡಿ ಮನೆ, ಮುಂದೆ ಒಂದು ಸಂಪಿಗೆ ಮರ. ಅದನ್ನು ಆಫೀಸು ಮಾಡಿ ಟೇಬಲ್ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಕೋವರ್ಕಿಂಗ್ ಅಂತಾರಲ್ಲ, ಅದು. ಹದಿನಾಲ್ಕು ಸಣ್ಣ ಕಂಪನಿಗಳಿವೆ. ಒಬ್ಬರು ಆಡಿಟರ್ ಸಾರ್ ಮತ್ತು ಅವರ ಹುಡುಗರು, ಇಬ್ಬರು ಲಾಯರು, ಮನೆಗಳ ಇಂಟೀರಿಯರ್ ಮಾಡುವ ಒಬ್ಬ ಮೇಡಂ, ಟೀಚರುಗಳಿಗೆ ಟ್ರೇನಿಂಗ್ ಕೊಡುವ ಒಂದು ಟ್ರಸ್ಟು, ಆ್ಯಪ್ ಮಾಡುವ ಹುಡುಗರ ಮೂರು ಗುಂಪು, ಹೀಗೆ. ನಾನು ಇಲ್ಲಿಯ ಮ್ಯಾನೇಜರ್. ಹೆಸರು ದೊಡ್ಡದು ಅಷ್ಟೇ. ವೈಫೈ, ನೀರಿನ ಕ್ಯಾನು, ಬಾಡಿಗೆ ಬಿಲ್ಲು, ಎಸಿ ಜಾಸ್ತಿಯಾಯಿತು ಕಡಿಮೆಯಾಯಿತು ಅನ್ನುವ ಪಂಚಾಯಿತಿ, ಎಲ್ಲ ನನ್ನ ತಲೆಗೆ.

ಮೀಟಿಂಗ್ ರೂಮು ಮೂರು. ತುಂಗಾ, ಭದ್ರಾ, ಕಾವೇರಿ. ಹೆಸರಿಟ್ಟಿದ್ದು ನಮ್ಮ ಓನರ್, ಅವರದು ಶಿವಮೊಗ್ಗದ ಕಡೆ. ತುಂಗಾ, ಭದ್ರಾ ಅಕ್ಕಪಕ್ಕ ಇವೆ, ಮಧ್ಯೆ ಮಡಚುವ ಪಾರ್ಟಿಷನ್. ಅದನ್ನು ಸರಿಸಿದರೆ ಎರಡೂ ಸೇರಿ ಇಪ್ಪತ್ತೈದು ಜನ ಕೂರುವ ಹಾಲ್ ಆಗುತ್ತೆ, ಅದಕ್ಕೆ ತುಂಗಭದ್ರಾ ಅಂತ ಹೆಸರು. ಕೂಡಲಿಯಲ್ಲಿ ಎರಡು ಹೊಳೆ ಸೇರಿದ ಹಾಗೆ ಅಂತ ಓನರ್ ಬಂದವರಿಗೆಲ್ಲ ಹೇಳುತ್ತಾರೆ. ನೀರಿನ ಫಿಲ್ಟರ್ ತುಂಗಾ ಬಾಗಿಲ ಪಕ್ಕವೇ ಯಾಕಿದೆ ಅಂತ ಕೇಳಿದರೆ "ತುಂಗಾ ಪಾನ, ಗಂಗಾ ಸ್ನಾನ ಅಂತ ಗಾದೆಯೇ ಇದೆಯಲ್ಲ" ಅಂತಾರೆ. ಕಾವೇರಿ ಮೇಲಿನ ಮಹಡಿಯಲ್ಲಿದೆ, ನಾಲ್ಕೇ ಕುರ್ಚಿ. ಕಾವೇರಿ ಅಂತ ಹೆಸರಿಟ್ಟ ಮೇಲೆ ಹಂಚಿಕೊಳ್ಳುವ ಜಗಳ ಬರದೇ ಇರುತ್ತಾ? ಬಂತು.

ಈ ಮೂರು ರೂಮುಗಳ ಲೆಕ್ಕ ಇದ್ದದ್ದು ಒಂದು ರಿಜಿಸ್ಟರ್ ಬುಕ್ಕಿನಲ್ಲಿ. ಕೆಂಪು ಬಟ್ಟೆಯ ಬೆನ್ನಿನ ಉದ್ದ ಪುಸ್ತಕ, ಅವೆನ್ಯೂ ರೋಡಿನಿಂದ ವರ್ಷಕ್ಕೆ ಎರಡು ತರುತ್ತಿದ್ದೆವು. ಅದನ್ನು ನೋಡಿಕೊಳ್ಳುವವರು ಫ್ರಂಟ್ ಡೆಸ್ಕಿನ ಅಕ್ಕ. ಇಲ್ಲಿ ಎಲ್ಲರಿಗೂ ಅವರು ಅಕ್ಕ, ಅವರಿಗಿಂತ ದೊಡ್ಡವರಾದ ಆಡಿಟರ್ ಸಾರ್‌ಗೂ ಅಕ್ಕನೇ. ಸ್ಕೇಲು ಇಟ್ಟು ಒಂದೊಂದು ದಿನಕ್ಕೆ ಮೂರು ಕಾಲಂ ಗೆರೆ ಎಳೆಯುತ್ತಿದ್ದರು. ಯಾರಾದರೂ ಬಂದು "ತುಂಗಾ ಖಾಲಿ ಇದೆಯಾ ಅಕ್ಕ?" ಅಂದರೆ ಅರ್ಧ ಸಲ ಪುಸ್ತಕ ತೆರೆಯದೆ ಹೇಳುತ್ತಿದ್ದರು.

ಹಾಗಾದರೆ ಆ ಪುಸ್ತಕ ಬಿಟ್ಟು ಫೋನಿನ ಆ್ಯಪಿಗೆ ಬದಲಾಯಿಸಿದ್ದು ಯಾಕೆ? ಎರಡು ಕಾರಣ. ಒಂದು, ಅಕ್ಕ ಊಟಕ್ಕೆ ಹೋದಾಗ ಯಾರು ಬೇಕಾದರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. 2025ರ ಮೇ ತಿಂಗಳಲ್ಲಿ ಹಾಗೇ ಒಂದು ದಿನ ಕಾವೇರಿ ರೂಮಿಗೆ ಲಾಯರ್ ಸಾರ್ ತಮ್ಮ ಕಕ್ಷಿಗಾರರ ಜೊತೆ ಬಂದರೆ ಒಳಗೆ ಆ್ಯಪ್ ಹುಡುಗರು ವಿಡಿಯೋ ಕಾಲ್‌ನಲ್ಲಿ ಕೂತಿದ್ದಾರೆ, ಕಾಲ್ ಅಮೆರಿಕದ ಜೊತೆ, ಮಧ್ಯೆ ಬಿಡುವ ಹಾಗಿಲ್ಲ. ಕಕ್ಷಿಗಾರರು ಆಸ್ತಿ ಭಾಗದ ವಿಷಯ ಮಾತಾಡಲು ಬಂದ ಅಣ್ಣ ತಮ್ಮ, ಅವರು ಕಾರಿಡಾರಿನಲ್ಲೇ ಶುರು ಹಚ್ಚಿಕೊಂಡರು. ಇಡೀ ಮಹಡಿಗೆ ಅವರ ಮನೆ ಕಥೆ ಗೊತ್ತಾಯಿತು. ಇನ್ನೊಂದು ಕಾರಣ ಓನರ್‌ದು. ಒಂದೊಂದು ಟೇಬಲ್ಲಿಗೆ ತಿಂಗಳಿಗೆ ಎರಡು ಗಂಟೆ ಮೀಟಿಂಗ್ ರೂಮು ಫ್ರೀ, ಅದಕ್ಕಿಂತ ಜಾಸ್ತಿಯಾದರೆ ದುಡ್ಡು ಅಂತ ಅಗ್ರಿಮೆಂಟಿನಲ್ಲಿ ಇದೆ. ಇದ್ದದ್ದು ಅಗ್ರಿಮೆಂಟಿನಲ್ಲಿ ಮಾತ್ರ. ಪುಸ್ತಕ ನೋಡಿ ಗಂಟೆ ಕೂಡಿಸುವವರು ಯಾರು? ನಾನಂತೂ ಕೂಡಿಸಲಿಲ್ಲ.

ಮೊದಲು ಹೊಸ ಖರ್ಚಿಲ್ಲದ ದಾರಿ ನೋಡಿದೆ. ಗೂಗಲ್ ಕ್ಯಾಲೆಂಡರಿನಲ್ಲಿ ರೂಮನ್ನೇ ಒಂದು ರಿಸೋರ್ಸ್ ಅಂತ ಸೇರಿಸಬಹುದು, ಮೀಟಿಂಗಿಗೆ ಜನರನ್ನು ಕರೆದ ಹಾಗೆ ರೂಮನ್ನೂ ಕರೆದರೆ ಆಯಿತು, ಖಾಲಿ ಇದ್ದರೆ ಅದೇ ಒಪ್ಪಿಕೊಳ್ಳುತ್ತೆ, ಇಲ್ಲದಿದ್ದರೆ ಬರಲ್ಲ ಅನ್ನುತ್ತೆ. ಒಂದೇ ಕಂಪನಿಯ ಆಫೀಸಾದರೆ ಅದಕ್ಕಿಂತ ಸುಲಭ ಇಲ್ಲ. ಆದರೆ ಅದು ಒಂದು ಸಂಸ್ಥೆಯ ಅಕೌಂಟಿನ ಒಳಗಿನವರಿಗೆ ಮಾಡಿದ ವ್ಯವಸ್ಥೆ. ನಮ್ಮಲ್ಲಿ ಹದಿನಾಲ್ಕು ಕಂಪನಿ, ಹದಿನಾಲ್ಕು ಥರದ ಇಮೇಲು, ಆಡಿಟರ್ ಸಾರ್ ಅಂತೂ ಇವತ್ತಿಗೂ ಯಾಹೂದಲ್ಲೇ ಇದ್ದಾರೆ. ಅದು ಕೂಡಿಬರಲಿಲ್ಲ.

ಸರಿ ಅಂತ ಗೂಗಲ್ ಶೀಟ್ ಮಾಡಿ ಎಲ್ಲರಿಗೂ ಲಿಂಕ್ ಕಳಿಸಿದೆ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಯಾರೋ ತಮ್ಮ ಕಂಪನಿಯ ಹೆಸರು ಎಲ್ಲೆಲ್ಲಿದೆ ನೋಡೋಣ ಅಂತ ಹೆಸರಿನ ಕಾಲಂ ಒಂದನ್ನೇ ಆರಿಸಿ ಎ ಟು ಝೆಡ್ ಸಾರ್ಟ್ ಒತ್ತಿದರು. ಹೆಸರುಗಳು ಮೇಲೆ ಕೆಳಗೆ ಆದವು, ಟೈಮುಗಳು ಇದ್ದಲ್ಲೇ ಉಳಿದವು. ಅಂದರೆ ಎಲ್ಲರ ಮೀಟಿಂಗೂ ಇನ್ನೊಬ್ಬರ ಹೊತ್ತಿಗೆ ಹೋಗಿ ಕೂತಿತ್ತು, ನೋಡಲು ಶೀಟು ಮಾತ್ರ ಅಚ್ಚುಕಟ್ಟಾಗಿತ್ತು. ಹಳೇ ವರ್ಷನ್ ವಾಪಸ್ ತಂದೆ ಬಿಡಿ, ಅದಕ್ಕೆ ದಾರಿ ಇದೆ. ಆದರೆ ಗೊತ್ತಾಗುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು.

ಕೊನೆಗೆ ತಿಂಗಳಿಗಿಷ್ಟು ಅಂತ ದುಡ್ಡು ಕೊಡುವ ಒಂದು ಬುಕಿಂಗ್ ಆ್ಯಪ್ ತಗೊಂಡೆವು. ಹೆಸರು ಬೇಡ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಫೋನಿನಲ್ಲಿ ಬುಕ್ ಮಾಡಬೇಕು, ರೂಮಿನ ಬಾಗಿಲ ಪಕ್ಕ ಒಂದು ಟ್ಯಾಬ್ ಇರುತ್ತೆ, ಖಾಲಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು.

ಯಾವಾಗ ಶುರು ಮಾಡೋದು? ಜುಲೈ ಮೊದಲ ವಾರ ಅಂದುಕೊಂಡಿದ್ದೆ. ಓನರ್ "ಆಷಾಢ ಕಳೀಲಿ" ಅಂದರು. ನನಗೂ ಅದೇ ಒಳ್ಳೇದು ಅನಿಸಿತು, ಆದರೆ ನನ್ನ ಲೆಕ್ಕ ಬೇರೆ. ಜುಲೈ 31 ಇನ್‌ಕಮ್ ಟ್ಯಾಕ್ಸ್ ರಿಟರ್ನಿನ ಕೊನೇ ದಿನ, ಆಡಿಟರ್ ಸಾರ್ ರೂಮಿಗೆ ಜನ ನುಗ್ಗುವುದು ಅಲ್ಲಿಯವರೆಗೆ ಮಾತ್ರ, ಅದು ಮುಗಿದ ಮಾರನೇ ದಿನ ಶುರು ಮಾಡಿದರೆ ಜಾಗ ತಣ್ಣಗಿರುತ್ತೆ ಅಂತ. ಆಗಸ್ಟ್ 1, ಶುಕ್ರವಾರ ಅಂತ ಎಲ್ಲರಿಗೂ ವಾಟ್ಸಾಪ್ ಹಾಕಿದೆ. ಆಡಿಟರ್ ಸಾರ್ ಒಂದು ನಗುವ ಮುಖ ಕಳಿಸಿದರು. ಅದರ ಅರ್ಥ ಆಮೇಲೆ ತಿಳಿಯಿತು. ಆ ವರ್ಷ ಕೊನೇ ದಿನವನ್ನು ಸೆಪ್ಟೆಂಬರ್ 15ಕ್ಕೆ ಮುಂದೆ ಹಾಕಿ ಮೇ ತಿಂಗಳಲ್ಲೇ ಹೇಳಿಬಿಟ್ಟಿದ್ದರು. ನನ್ನ ರಿಟರ್ನ್ ನಾನೇ ಹಾಕಿದ್ದರೆ ಗೊತ್ತಿರುತ್ತಿತ್ತು.

ಶುರು ಮಾಡುವ ಮುಂಚೆ ಮೂರು ಸಣ್ಣ ಕಾಟ. ಒಂದು, ಹೆಸರು. ಆ್ಯಪಿನಲ್ಲಿ ರೂಮುಗಳ ಹೆಸರು ಇಂಗ್ಲಿಷಿನಲ್ಲಿ ಹಾಕಿದ್ದೆ. ತುಂಗಾಗೆ ಟೀ ಆದ ಮೇಲೆ ಎಚ್ ಹಾಕಬೇಕೋ ಬೇಡವೋ? ನಾನು ಹಾಕಲಿಲ್ಲ. ನಮ್ಮ ಕಡೆಯವರು ಮುಕ್ಕಾಲು ಜನ ಎಚ್ ಹಾಕಿ ಹುಡುಕಿ, ಅಂಥ ರೂಮೇ ಇಲ್ಲ ಅಂತ ಬರುತ್ತೆ ಅಂದರು. ಕನ್ನಡದಲ್ಲೇ ಹಾಕೋಣ ಅಂದರೆ ಫೋನಿನಲ್ಲಿ ಚೆನ್ನಾಗಿ ಬಂತು, ಬಾಗಿಲ ಟ್ಯಾಬಿನಲ್ಲಿ ಒತ್ತಕ್ಷರ ಕಳಚಿಕೊಂಡು ಭದ್ರಾ ಹೋಗಿ ಭದ್‌ರಾ ಆಯಿತು. ಎರಡೂ ಇರಲಿ ಅಂತ ಇಂಗ್ಲಿಷಿನಲ್ಲಿ ಎಚ್ ಸಮೇತ ಒಂದು, ಇಲ್ಲದೆ ಒಂದು, ಎರಡನ್ನೂ ಒಂದೇ ಹೆಸರಿನೊಳಗೆ ಗೆರೆ ಹಾಕಿ ಬರೆದೆ. ನೋಡಲು ಚೆನ್ನಾಗಿಲ್ಲ, ಕೆಲಸ ಆಗುತ್ತೆ.

ಎರಡನೆಯದು ಒಟಿಪಿ. ಲಾಗಿನ್ ಆಗಲು ಫೋನಿಗೆ ಒಟಿಪಿ ಬರಬೇಕು, ಬರಲೇ ಇಲ್ಲ. ನಮ್ಮ ದೇಶದಲ್ಲಿ ಕಂಪನಿಗಳು ಹೀಗೆ ಎಸ್ಎಂಎಸ್ ಕಳಿಸಬೇಕಾದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಕಳಿಸುವವರ ಹೆಸರು, ಮೆಸೇಜಿನ ಒಕ್ಕಣೆ ಎರಡನ್ನೂ ಮುಂಚೆಯೇ ರಿಜಿಸ್ಟರ್ ಮಾಡಿಸಿರಬೇಕು. ಕಳಿಸುವ ಮೆಸೇಜು ಆ ಒಕ್ಕಣೆಗೆ ಹೊಂದದಿದ್ದರೆ ದಾರಿಯಲ್ಲೇ ನಿಲ್ಲುತ್ತೆ. ಆ್ಯಪಿನವರು ಒಕ್ಕಣೆಯಲ್ಲಿ ಏನೋ ತಿದ್ದಿದ್ದರಂತೆ. ಇಮೇಲಿಗೆ ಲಿಂಕ್ ಕಳಿಸುವ ಹಾಗೆ ಮಾಡಿಸಿಕೊಂಡೆವು. ಯಾಹೂದಲ್ಲಿ ಅದು ಸ್ಪ್ಯಾಮಿಗೆ ಹೋಯಿತು.

ಮೂರನೆಯದು ರಿಜಿಸ್ಟರಿನಲ್ಲಿದ್ದ ಆಗಸ್ಟ್ ತಿಂಗಳ ಬುಕಿಂಗುಗಳು. ಅವನ್ನು ಹೊಸದಕ್ಕೆ ಏರಿಸಬೇಕಲ್ಲ. ಒಂದು ಭಾನುವಾರ ಮನೆಯಲ್ಲಿ ಕೂತು ನಾನೇ ಟೈಪ್ ಮಾಡಿದೆ. ಕೆಲವು ಪೆನ್ನಿನಲ್ಲಿದ್ದವು, ಕೆಲವು ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ಲಿನವು ಮಸುಕಾಗಿ ಸರಿಯಾಗಿ ಕಾಣಿಸುತ್ತಲೂ ಇರಲಿಲ್ಲ. ಅಕ್ಕನಿಗೆ ಒಂದು ಒಳ್ಳೇ ಪೆನ್ನು ಕೊಡಿಸಬಾರದಿತ್ತಾ ನಾನು ಅಂದುಕೊಂಡು ಕಣ್ಣು ಕಿರಿದು ಮಾಡಿಕೊಂಡು ಎಲ್ಲವನ್ನೂ ಏರಿಸಿದೆ.

ಆಗಸ್ಟ್ 1ರ ಬೆಳಗ್ಗೆ ಅಕ್ಕ ನನಗಿಂತ ಮುಂಚೆ ಬಂದಿದ್ದರು. "ಮೇಡಂ, ಶುರು ಮಾಡೋದಾದ್ರೆ ಹತ್ತೂವರೆ ಒಳಗೆ ಮಾಡ್ಬಿಡಿ, ಆಮೇಲೆ ರಾಹುಕಾಲ" ಅಂದರು. ಒಂಬತ್ತೂ ಮುಕ್ಕಾಲಿಗೆ ಟ್ಯಾಬುಗಳನ್ನು ಆನ್ ಮಾಡಿದೆವು. ಮೂರೂ ಹಸಿರು. ಚೆನ್ನಾಗಿ ಕಂಡಿತು. ಹತ್ತು ಗಂಟೆಗೆ ಟ್ರಸ್ಟಿನವರ ಬುಕಿಂಗ್ ಇತ್ತು, ಭದ್ರಾ ಕೆಂಪಾಗಬೇಕಿತ್ತು, ಆಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಅವರ ಹತ್ತು ಗಂಟೆಯ ಮೀಟಿಂಗು ಟ್ಯಾಬಿನಲ್ಲಿ ಮಧ್ಯಾಹ್ನ 3:30ಕ್ಕೆ ಇದೆ. ಎಲ್ಲರದೂ ಹಾಗೇ, ಐದೂವರೆ ಗಂಟೆ ಮುಂದೆ. ಐದೂವರೆ ಅಂದ ತಕ್ಷಣ ಆ್ಯಪ್ ಹುಡುಗರಲ್ಲಿ ಒಬ್ಬ ನಕ್ಕ. ನಾನು ಏರಿಸಿದ ಫೈಲಿನ ಟೈಮುಗಳನ್ನು ಅದು ಗ್ರೀನಿಚ್ ಟೈಮು ಅಂತ ತಿಳಿದು, ಅದಕ್ಕೆ ನಮ್ಮ ದೇಶದ ಐದೂವರೆ ಗಂಟೆ ಕೂಡಿಸಿ ತೋರಿಸುತ್ತಿತ್ತು. ನಮ್ಮ ದೇಶದ ಟೈಮಿಗೆ ಸೆಟ್ಟಿಂಗಿನಲ್ಲಿ ಕೋಲ್ಕತಾ ಅಂತ ಹೆಸರಿರುತ್ತೆ, ಅದನ್ನು ಆರಿಸುವುದನ್ನು ನಾನು ಮರೆತಿದ್ದೆ. ಹುಡುಗ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಟ್ಟ. ಅಷ್ಟರಲ್ಲಿ ಹತ್ತೂವರೆ ದಾಟಿತ್ತು. ಅಕ್ಕ ಏನೂ ಮಾತಾಡಲಿಲ್ಲ, ಗೋಡೆ ಗಡಿಯಾರ ಮಾತ್ರ ನೋಡಿದರು.

ಈಗ ತುಂಗಭದ್ರಾ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಡಚುವ ಗೋಡೆ ಇರುವ ಎಲ್ಲ ಆಫೀಸಿನವರಿಗೂ ಇದು ಬರುತ್ತೆ. ರಿಜಿಸ್ಟರಿನಲ್ಲಿ ಯಾರಾದರೂ ದೊಡ್ಡ ಹಾಲ್ ಕೇಳಿದರೆ ಅಕ್ಕ ತುಂಗಾ, ಭದ್ರಾ ಎರಡೂ ಕಾಲಮ್ಮಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದು ಹೆಸರು ಬರೆಯುತ್ತಿದ್ದರು. ಮುಗಿಯಿತು, ಎರಡು ಸೆಕೆಂಡಿನ ಕೆಲಸ. ಆ್ಯಪಿನಲ್ಲಿ ನಾನು ತುಂಗಭದ್ರಾ ಅಂತ ನಾಲ್ಕನೇ ರೂಮು ಸೇರಿಸಿದೆ. ನಮಗೆ ಅದು ಹೊಸ ರೂಮಲ್ಲ, ಎರಡು ರೂಮಿನ ಇನ್ನೊಂದು ರೂಪ ಅಷ್ಟೇ. ಆ್ಯಪಿಗೆ ಅದು ಗೊತ್ತಿಲ್ಲ. ಅದಕ್ಕೆ ನಾಲ್ಕು ಹೆಸರು, ನಾಲ್ಕು ರೂಮು. ತುಂಗಭದ್ರಾ ಕೊಟ್ಟ ಮೇಲೂ ತುಂಗಾ ಬೇರೆಯವರಿಗೆ, ಭದ್ರಾ ಮತ್ತೊಬ್ಬರಿಗೆ ಅಂತ ಧಾರಾಳವಾಗಿ ಕೊಡುತ್ತಾ ಹೋಯಿತು.

ಸಿಕ್ಕಿಬಿದ್ದದ್ದು ಎರಡನೇ ವಾರ. ಟ್ರಸ್ಟಿನವರ ಟ್ರೇನಿಂಗು, ತುಂಗಭದ್ರಾದಲ್ಲಿ ಇಪ್ಪತ್ತೆರಡು ಜನ ಟೀಚರುಗಳು ಕೆಳಗೆ ಚಾಪೆ ಹಾಕಿ ಕೂತು ಚಾರ್ಟ್ ಪೇಪರಿನ ಮೇಲೆ ಬಣ್ಣ ಬಳಿಯುತ್ತಿದ್ದಾರೆ. ಹನ್ನೊಂದಕ್ಕೆ ಇಂಟೀರಿಯರ್ ಮೇಡಂ ಕಂಕುಳಲ್ಲಿ ಡ್ರಾಯಿಂಗ್ ಸುರುಳಿ ಇಟ್ಟುಕೊಂಡು, ಹೊಸದಾಗಿ ಫ್ಲ್ಯಾಟ್ ತಗೊಂಡ ಒಂದು ಗಂಡ ಹೆಂಡತಿಯನ್ನು ಕರೆದುಕೊಂಡು ಬಂದರು. ಅವರ ಹತ್ತಿರ ಭದ್ರಾ ಬುಕಿಂಗ್ ಇದೆ, ಫೋನಿನಲ್ಲಿ ತೋರಿಸಿದರು. ಟ್ರಸ್ಟಿನವರ ಹತ್ತಿರ ತುಂಗಭದ್ರಾ ಬುಕಿಂಗ್ ಇದೆ, ಅವರೂ ತೋರಿಸಿದರು. ಇಬ್ಬರದೂ ಸರಿ. ಮೊದಲಾದರೆ ಹೀಗಾದಾಗ ಅಕ್ಕನ ಮೇಲೆ ಎಗರಾಡಿ ಮುಗಿಸುತ್ತಿದ್ದರು, ಈಗ ಎಗರಾಡುವುದು ಯಾರ ಮೇಲೆ? ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ಅಷ್ಟರಲ್ಲಿ ಟೆರೇಸಿನ ಶೀಟಿನ ಕೆಳಗೆ ಟೇಬಲ್ ಒರೆಸಿ, ಮೂರು ಕುರ್ಚಿ ಹಾಕಿ, "ಮೇಲೆ ಗಾಳಿ ಚೆನ್ನಾಗಿದೆ, ಬನ್ನಿ ಮೇಡಂ, ಕಾಫಿ ಕಳಿಸ್ತೀನಿ" ಅಂತ ಅವರನ್ನು ಕರೆದುಕೊಂಡು ಹೋಗಿಯಾಗಿತ್ತು. ಗಾಳಿಗೆ ಡ್ರಾಯಿಂಗ್ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟುಕೊಂಡು ಅಡುಗೆಮನೆ ಯಾವ ಕಡೆ ಬರಬೇಕು ಅಂತ ಮಾತಾಡಿದರಂತೆ.

ಆ್ಯಪಿನವರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ತುಂಬಾ ತಾಳ್ಮೆಯಿಂದ "ಮ್ಯಾಮ್, ಆ ಎರಡು ರೂಮಿನ ಮಧ್ಯೆ ಗೋಡೆ ಇದೆಯಾ, ಇಲ್ವಾ?" ಅಂತ ಕೇಳಿದಳು. "ಕೆಲವು ಸಲ ಇರುತ್ತೆ" ಅಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ರೂಮುಗಳನ್ನು ಒಂದಕ್ಕೊಂದು ಗಂಟು ಹಾಕುವ ಸೌಲಭ್ಯ ಇದೆ, ಆದರೆ ದೊಡ್ಡ ಪ್ಲ್ಯಾನಿನಲ್ಲಿ ಮಾತ್ರ, ಅದಕ್ಕೆ ಸುಮಾರು ಎರಡರಷ್ಟು ದುಡ್ಡು ಅಂತ ತಿಳಿಯಿತು. ಓನರ್ ಬೇಡ ಅಂದರು. ಹಾಗಾಗಿ ತುಂಗಭದ್ರಾವನ್ನು ಆ್ಯಪಿನಿಂದಲೇ ತೆಗೆದೆ. ದೊಡ್ಡ ಹಾಲ್ ಬೇಕಾದವರು ಅಕ್ಕನನ್ನು ಕೇಳಬೇಕು, ಅಕ್ಕ ತುಂಗಾ, ಭದ್ರಾ ಎರಡನ್ನೂ ಬುಕ್ ಮಾಡಿ ಕೊಡುತ್ತಾರೆ. ಇವತ್ತಿಗೂ ಹಾಗೇ ನಡೆಯುತ್ತಿದೆ.

ಇದೆಲ್ಲ ಸರಿಹೋಗುವ ಗಲಾಟೆ. ನಿಜವಾದ ತಲೆನೋವು ಬೇರೆ ಇತ್ತು, ಅದು ಟ್ಯಾಬ್ ಕೆಂಪಾದ ಮೇಲೆ ಕಾಣಿಸಿತು. ಬಾಗಿಲು ಕೆಂಪು, ಒಳಗೆ ಯಾರೂ ಇಲ್ಲ. ದಿನಾ. ಮೂರರಲ್ಲಿ ಒಂದು ಬುಕಿಂಗಿಗೆ ಯಾರೂ ಬರುತ್ತಲೇ ಇರಲಿಲ್ಲ. ನಾವೆಲ್ಲ ತಿಳಿದಿದ್ದು ನಮ್ಮ ಕಷ್ಟ ಅಂದರೆ ಒಂದು ರೂಮಿಗೆ ಇಬ್ಬರು ಬರುವುದು ಅಂತ. ಅದು ತಿಂಗಳಿಗೆ ಎರಡು ಮೂರು ಸಲ ಆಗುತ್ತಿತ್ತು, ಗಲಾಟೆ ಆಗುತ್ತಿದ್ದರಿಂದ ನೆನಪಿರುತ್ತಿತ್ತು. ಯಾರೂ ಬಾರದೇ ರೂಮು ಖಾಲಿ ಬಿದ್ದಿದ್ದರೆ ಸದ್ದೇ ಇಲ್ಲವಲ್ಲ. ಅದರ ಮೇಲೆ ಆ್ಯಪ್ ಹುಡುಗರ ಒಂದು ಗುಂಪು ಕಾವೇರಿಯನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬೆಳಗ್ಗೆ ಹತ್ತರಿಂದ ಹನ್ನೊಂದು ಅಂತ ರಿಪೀಟ್ ಹಾಕಿ, ಯಾವತ್ತಿನವರೆಗೆ ಅನ್ನುವಲ್ಲಿ ಏನೂ ತುಂಬದೆ ಬಿಟ್ಟಿದ್ದರು. ನಾನು ಸುಮ್ನೆ ಕುತೂಹಲಕ್ಕೆ ಮುಂದೆ ತಳ್ಳುತ್ತಾ ಹೋದೆ. 2031ರಲ್ಲೂ ಕಾವೇರಿ ಅವರದ್ದೇ.

ಆ್ಯಪಿನಲ್ಲಿ ಇದಕ್ಕೂ ಒಂದು ಮದ್ದಿತ್ತು. ಬಂದವರು ಬಾಗಿಲ ಟ್ಯಾಬ್ ಮುಟ್ಟಿ ಬಂದೆ ಅಂತ ಹೇಳಬೇಕು, ಹತ್ತು ನಿಮಿಷದಲ್ಲಿ ಯಾರೂ ಮುಟ್ಟದಿದ್ದರೆ ಬುಕಿಂಗ್ ತಾನೇ ರದ್ದಾಗಿ ಹಸಿರಾಗುತ್ತೆ. ಅದನ್ನು ಆನ್ ಮಾಡಿದೆ. ಮಾಡಿದ್ದು ಎಂಥ ಹೊತ್ತಿನಲ್ಲಿ ನೋಡಿ. ಆಗಸ್ಟ್ 10ಕ್ಕೆ ಮೆಟ್ರೋದ ಯೆಲ್ಲೋ ಲೈನ್ ಉದ್ಘಾಟನೆ ಆಯಿತು, ಮಾರನೇ ದಿನದಿಂದ ಬೊಮ್ಮಸಂದ್ರದಿಂದ ಆರ್.ವಿ. ರೋಡಿಗೆ ರೈಲು. ನಮ್ಮವರಿಗೆಲ್ಲ ಖುಷಿ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಗಿರಾಕಿಗಳು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಾಯದೆ ನೇರ ಇಲ್ಲಿಗೇ ಬಂದು ಇಳಿಯಬಹುದು. ಆದರೆ ಶುರುವಿನಲ್ಲಿ ರೈಲು ಇದ್ದದ್ದೇ ಮೂರು, 25 ನಿಮಿಷಕ್ಕೊಂದು ಬರುತ್ತಿತ್ತು. ಒಂದು ತಪ್ಪಿತು ಅಂದರೆ ಗಿರಾಕಿ ಅರ್ಧ ಗಂಟೆ ತಡ. ನನ್ನ ಆ್ಯಪು ಕಾಯುವುದು ಹತ್ತೇ ನಿಮಿಷ.

ಆಡಿಟರ್ ಸಾರ್ ಒಬ್ಬ ಹಿರಿಯರಿಗಾಗಿ ತುಂಗಾ ಹಿಡಿದಿದ್ದರು. ಬೊಮ್ಮನಹಳ್ಳಿಯವರು, ಮನೆ ಮಾರಿದ ದುಡ್ಡಿನ ಟ್ಯಾಕ್ಸ್ ವಿಷಯ. ರೈಲು ತಪ್ಪಿ ತಡವಾಗಿ ಬಂದರು. ಅಷ್ಟರಲ್ಲಿ ರೂಮು ಹಸಿರಾಗಿ, ಹುಡುಗರು ಬುಕ್ ಮಾಡಿ ಒಳಗೆ ಸೇರಿ, ಬೋರ್ಡಿನ ತುಂಬ ಬಾಣದ ಗುರುತು ಹಾಕಿಬಿಟ್ಟಿದ್ದರು. ಹಿರಿಯರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಪತ್ರಗಳನ್ನೆಲ್ಲ ಎದೆಗೆ ಒತ್ತಿಕೊಂಡು ನಿಂತಿದ್ದರು. ಹುಡುಗರು ಒಳ್ಳೆಯವರು, ನೋಡಿದ ಕೂಡಲೇ ಎದ್ದು ಬಂದರು. ಆದರೂ ಆಡಿಟರ್ ಸಾರ್ ಅವತ್ತು ಸಂಜೆ ನನ್ನ ಟೇಬಲ್ ಹತ್ತಿರ ಬಂದು ಒಂದೇ ಮಾತು ಕೇಳಿದರು. "ಅಕ್ಕ ಇದ್ದಾಗ ಹೀಗೆ ಒಂದ್ ದಿನಾನೂ ಆಗಿರ್ಲಿಲ್ಲ ಅಲ್ವಾ?"

ನನಗೆ ಸಿಟ್ಟು ಬಂತು. ಆಗಿರಲಿಲ್ಲ ಅಂದರೆ ಏನು ಅರ್ಥ? ಅಕ್ಕನ ಕಾಲದಲ್ಲೂ ಮೂರರಲ್ಲಿ ಒಬ್ಬರು ಬರುತ್ತಿರಲಿಲ್ಲ ತಾನೇ, ಜನ ಅವರೇ, ರೂಮು ಅವೇ. ಹಳೇ ರಿಜಿಸ್ಟರ್ ತೆಗೆದುಕೊಂಡು ಅಕ್ಕನ ಮುಂದೆ ಹೋಗಿ ಕೂತೆ. "ಅಕ್ಕ, ಬುಕ್ ಮಾಡಿ ಬರದೇ ಇರೋರು ಮೊದಲೂ ಇದ್ರು ಅಲ್ವಾ? ಆಗ ರೂಮು ಖಾಲಿ ಬಿದ್ದಿರ್ತಿತ್ತಾ?"

"ಯಾಕ್ ಖಾಲಿ ಬೀಳುತ್ತೆ ಮೇಡಂ, ಪೆನ್ಸಿಲ್ನೋರು ಇರ್ತಿದ್ರಲ್ಲ" ಅಂದರು.

ಪೆನ್ಸಿಲ್ನೋರು! ಆಮೇಲೆ ಪುಟ ತಿರುಗಿಸಿ ತಿರುಗಿಸಿ ತೋರಿಸಿದರು. ಖಂಡಿತ ಬರುವವರಿಗೆ ಪೆನ್ನು. ಬಂದರೂ ಬರಬಹುದು ಅನ್ನುವವರಿಗೆ ಪೆನ್ಸಿಲ್. ಅದನ್ನು ಅವರು ಕೇಳಿ ಬರೆಯುತ್ತಿರಲಿಲ್ಲ, ಆಳನ್ನು ನೋಡಿ ಬರೆಯುತ್ತಿದ್ದರು. ಲಾಯರ್ ಸಾರ್ ಮಧ್ಯಾಹ್ನದ ಮೀಟಿಂಗ್ ಯಾವಾಗಲೂ ಪೆನ್ಸಿಲ್, ಯಾಕೆಂದರೆ ಕೋರ್ಟಿನಲ್ಲಿ ಅವರ ಕೇಸು ಎಷ್ಟು ಹೊತ್ತಿಗೆ ಕರೆಯುತ್ತಾರೋ ಅವರಿಗೇ ಗೊತ್ತಿರಲ್ಲ. ಟ್ರಸ್ಟಿನವರು ಪೆನ್ನು. ಹುಡುಗರ ಬೆಳಗಿನ ಮೀಟಿಂಗ್ ಸೋಮವಾರ ಪೆನ್ನು, ಶುಕ್ರವಾರ ಪೆನ್ಸಿಲ್. ಪೆನ್ಸಿಲ್ಲಿನವರ ಹೊತ್ತಿಗೆ ಬೇರೆ ಯಾರಾದರೂ ಕೇಳಿದರೆ ಅಕ್ಕ ಮೊದಲಿನವರಿಗೆ ಒಂದು ಫೋನು, ಬರ್ತೀರಾ ಸಾರ್, ಇಲ್ಲ ಕೊಡಲಾ? ಕೊಡಿ ಅಂದರೆ ರಬ್ಬರಿನಲ್ಲಿ ಅಳಿಸಿ ಇವರದ್ದು ಬರೆಯುವುದು. ಹತ್ತಿರದಿಂದ ನೋಡಿದರೆ ಪುಟದ ತುಂಬ ಅಳಿಸಿದ ಕಲೆ, ಕೆಲವು ಕಡೆ ಕಾಗದ ಸವೆದು ಹಿಂದಿನ ಪುಟ ಕಾಣುವಷ್ಟು ತೆಳ್ಳಗಾಗಿದೆ. ಮೂರು ವರ್ಷ ಪ್ರತಿದಿನ ಆ ಪುಸ್ತಕದ ಪಕ್ಕ ಓಡಾಡಿದ್ದೇನೆ. ಆ ಭಾನುವಾರ ಕೂತು ಅಷ್ಟನ್ನೂ ನಾನೇ ಟೈಪ್ ಮಾಡಿದ್ದೇನೆ, ಪೆನ್ನು ಪೆನ್ಸಿಲ್ ಎಲ್ಲ ಒಂದೇ ಮಾಡಿ. ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತಾ ಅಕ್ಕ?" ಅಂದೆ. "ನೀವ್ ಕೇಳ್ಲಿಲ್ವಲ್ಲ" ಅಂದರು. ಸಿಟ್ಟಿನಿಂದ ಅಲ್ಲ, ಇದ್ದದ್ದು ಇದ್ದ ಹಾಗೆ.

ಅದಾದ ಮೇಲೆ ಆ್ಯಪಿನ ಸೆಟ್ಟಿಂಗುಗಳನ್ನು ಮತ್ತೆ ಮೊದಲಿನಿಂದ ನೋಡಿದೆ, ಈ ಸಲ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು. ತಾತ್ಕಾಲಿಕ ಬುಕಿಂಗ್ ಅನ್ನುವ ಸೌಲಭ್ಯ ಅದರಲ್ಲೂ ಇತ್ತು, ನಾನು ಬೇಡ ಅಂತ ಆಫ್ ಮಾಡಿದ್ದೆ. ಆನ್ ಮಾಡಿ ಅದಕ್ಕೆ ಪೆನ್ಸಿಲ್ ಅಂತಲೇ ಹೆಸರಿಟ್ಟೆವು. ಪೆನ್ಸಿಲ್ ಹಾಕಿದವರಿಗೆ ಅವತ್ತು ಬೆಳಗ್ಗೆ ಒಂಬತ್ತಕ್ಕೆ ಬರ್ತೀರಾ ಅಂತ ಮೆಸೇಜ್ ಹೋಗುತ್ತೆ, ಹತ್ತರ ಒಳಗೆ ಹೂಂ ಅನ್ನದಿದ್ದರೆ ಬಿಟ್ಟುಹೋಗುತ್ತೆ. ಹತ್ತು ಗಂಟೆಗೆ ಮುಂಚೆ ಶುರುವಾಗುವ ಮೀಟಿಂಗಿಗೆ ಪೆನ್ಸಿಲ್ ಇಲ್ಲ, ಪೆನ್ನೇ. ಪೆನ್ನಿನವರಿಗೆ ಕಾಯುವ ಹೊತ್ತು ಹತ್ತರಿಂದ ಮೂವತ್ತು ನಿಮಿಷ ಮಾಡಿದೆ. ರೈಲುಗಳು ಜಾಸ್ತಿಯಾಗಿ ಮಧ್ಯದ ಹೊತ್ತು ಕಡಿಮೆಯಾದ ಮೇಲೆ ಇಪ್ಪತ್ತಕ್ಕೆ ಇಳಿಸಿದ್ದೇನೆ. ರಿಪೀಟ್ ಒಂದು ತಿಂಗಳಿಗಿಂತ ಜಾಸ್ತಿ ಹಾಕುವ ಹಾಗಿಲ್ಲ. 2031ರ ಕಾವೇರಿ ವಾಪಸ್ ಬಂತು.

ತಾವಾಗಿ ಪೆನ್ಸಿಲ್ ಆರಿಸಿಕೊಳ್ಳುವವರು ಯಾರು ಅಂತ ನನಗೆ ಅನುಮಾನ ಇತ್ತು, ಎಲ್ಲರೂ ಪೆನ್ನೇ ಒತ್ತುತ್ತಾರೆ ಅಂದುಕೊಂಡಿದ್ದೆ. ಮೊದಲು ಹಾಗೇ ಆಯಿತು. ಬದಲಾಗಿದ್ದು ಬಿಲ್ಲಿನಿಂದ. ಆಗಸ್ಟ್ ತಿಂಗಳ ಮೊದಲ ಬಿಲ್ಲಿನಲ್ಲಿ ಫ್ರೀ ಗಂಟೆ ಮೀರಿದವರಿಗೆಲ್ಲ ಗಂಟೆಗೆ 300 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬಂತು, ಬಾರದೇ ಬಿಟ್ಟ ಗಂಟೆಗಳೂ ಅದರಲ್ಲಿ ಸೇರಿದ್ದವು. ಎಲ್ಲರೂ ಮುಖ ಊದಿಸಿಕೊಂಡರು. ಓನರ್ ಒಬ್ಬರಿಗೆ ಮಾತ್ರ ಹಬ್ಬ. ಮೊದಲ ತಿಂಗಳು ಅಂತ ಅರ್ಧ ಬಿಟ್ಟುಕೊಡಲು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಪೆನ್ಸಿಲ್ ತಾನಾಗಿ ಬಿಟ್ಟುಹೋದರೆ ದುಡ್ಡಿಲ್ಲ ಅಂತ ಹೇಳಿದ ಮೇಲೆ ಎಲ್ಲರ ಕೈಗೂ ಪೆನ್ಸಿಲ್ ಬಂತು. ಲಾಯರ್ ಸಾರ್ ಈಗ ಪೆನ್ಸಿಲ್ ಬಿಟ್ಟು ಬೇರೆ ಮುಟ್ಟಲ್ಲ.

ಟ್ಯಾಬುಗಳ ಕಥೆ ಬೇಗ ಮುಗಿಸುತ್ತೇನೆ. ಹಗಲು ರಾತ್ರಿ ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟಿದ್ದೆವು, ಹಾಗೆ ಇಡಬಾರದು. ದೀಪಾವಳಿ ಹೊತ್ತಿಗೆ ಭದ್ರಾ ಬಾಗಿಲಿನ ಟ್ಯಾಬು ಬ್ಯಾಟರಿ ಉಬ್ಬಿ ಬಸುರಿ ಥರ ಹೊಟ್ಟೆ ಮುಂದೆ ಬಿಟ್ಟುಕೊಂಡು ಗೋಡೆಯಿಂದ ಕಳಚಿಕೊಳ್ಳಲು ನೋಡುತ್ತಿತ್ತು. ಹೆದರಿಕೆಯಾಗಿ ಮೂರನ್ನೂ ಇಳಿಸಿದೆ. ಈಗ ಬಾಗಿಲ ಮೇಲೆ ಬರೀ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದೇವೆ, ಸ್ಕ್ಯಾನ್ ಮಾಡಿದರೆ ಯಾರ ಬುಕಿಂಗ್ ಅಂತ ತೋರಿಸುತ್ತೆ, ಬಂದೆ ಅಂತ ಹೇಳುವುದೂ ಅಲ್ಲೇ. ಕೆಂಪು ಹಸಿರು ಹೋಯಿತು ಅಂತ ಓನರ್‌ಗೆ ಬೇಜಾರು. ಭದ್ರಾ ಒತ್ತಕ್ಷರದ ಕಾಟವೂ ಅದರ ಜೊತೆಗೇ ಹೋಯಿತು, ಈಗ ಬಾಗಿಲ ಮೇಲೆ ಪೇಂಟಿನಲ್ಲಿ ಬರೆಸಿದ್ದೇವೆ.

ಜನ ಆ್ಯಪ್ ಬಳಸುತ್ತಾರಾ ಅಂದರೆ, ಹುಡುಗರು ಪೂರ್ತಿ, ಲಾಯರುಗಳು ಅರ್ಧ. ಆಡಿಟರ್ ಸಾರ್ ಆ್ಯಪ್ ತೆರೆದೇ ಇಲ್ಲ, ಅಕ್ಕನಿಗೆ ಹೇಳುತ್ತಾರೆ, ಅಕ್ಕ ತಮ್ಮ ಫೋನಿನಿಂದ ಅವರ ಹೆಸರಿನಲ್ಲಿ ಬುಕ್ ಮಾಡುತ್ತಾರೆ. ಹೊಸ ವ್ಯವಸ್ಥೆಗೆ ಇದು ಸೋಲು ಅಂತ ನನಗೆ ಮೊದಲು ಅನಿಸಿತ್ತು, ಈಗ ಅನಿಸಲ್ಲ. ಅಕ್ಕ ರೆಡ್ಮಿ ಫೋನಿನಲ್ಲಿ ಬೆರಳು ಆಡಿಸುವ ವೇಗ ನೋಡಿದರೆ ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದವರು ಇವರೇನಾ ಅನಿಸುತ್ತೆ.

ಮೊನ್ನೆ ಆರು ತಿಂಗಳ ಬುಕಿಂಗುಗಳನ್ನು ಒಟ್ಟಿಗೆ ತೆಗೆದು ನೋಡುತ್ತಿದ್ದೆ, ಓನರ್ ಯಾವ ಹೊತ್ತು ರೂಮು ಜಾಸ್ತಿ ಖಾಲಿ ಇರುತ್ತೆ ಅಂತ ಕೇಳಿದ್ದರು. ಊಟದ ಹೊತ್ತು ಖಾಲಿ, ಸರಿ. ಶನಿವಾರ ಮಧ್ಯಾಹ್ನ ಖಾಲಿ, ಅದೂ ಸರಿ. ಆದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ತುಂಗಾ, ಭದ್ರಾ ಎರಡೂ ಹೆಚ್ಚು ಕಡಿಮೆ ಬೆಳ್ಳಗೆ ಬಿದ್ದಿವೆ, ಹನ್ನೆರಡು ಹೊಡೆದ ಕೂಡಲೇ ಎರಡೂ ತುಂಬುತ್ತವೆ. ಲಾಯರುಗಳ ಅಗ್ರಿಮೆಂಟ್ ಸೈನು, ಇಂಟೀರಿಯರ್ ಮೇಡಂ ಅವರ ಅಡ್ವಾನ್ಸ್ ಚೆಕ್ಕು, ಯಾವುದೂ ರಾಹುಕಾಲದಲ್ಲಿ ಇಲ್ಲ. ಹುಡುಗರ ಕಂಪನಿಗೆ ದುಡ್ಡು ಹಾಕಲು ಬಂದವರ ಮೀಟಿಂಗ್ ಕೂಡ 12:05ಕ್ಕಿದೆ. ಓನರ್‌ಗೆ ತೋರಿಸಿದೆ. ಆ ಹೊತ್ತಿಗೆ ಅರ್ಧ ರೇಟು ಅಂತ ಇಡೋಣ ಅಂದರು. ಅಕ್ಕ ಅಲ್ಲೇ ಇದ್ದರು, "ಫ್ರೀ ಕೊಟ್ರೂ ಬರಲ್ಲ ಸಾರ್" ಅಂದರು.

ಆದರೂ ಇಟ್ಟಿದ್ದೇವೆ. ನಾಳೆ ಶುಕ್ರವಾರ. ಹತ್ತೂವರೆಗೆ ತುಂಗಾ ಖಾಲಿ, ಭದ್ರಾನೂ ಖಾಲಿ, ಪಾರ್ಟಿಷನ್ ಸರಿಸಿಕೊಡಲು ನಾನಿದ್ದೇನೆ. ಇಪ್ಪತ್ತೈದು ಜನಕ್ಕೆ ಅರ್ಧ ರೇಟು.